ಅವ್ವನಿಗೊಂದು ಇಂಗ್ಲಿಷ್ ಪದ

ಚಪ್ಪಲಿ ಬಿಟ್ಟ ಮೇಲೂ ನಮ್ಮ ಇಂಗ್ಲಿಷ್ ಟೀಚರ ಪಾದದ ಮೇಲೆ ಪಟ್ಟಿಯ ಅಚ್ಚು ಹಾಗೇ ಉಳಿದಿರುತ್ತಿತ್ತು. ಅಷ್ಟು ಬಾವು. ದಿನವೂ ವಾಡಿಯಿಂದ ಸೇಡಂಗೆ ರೈಲಿನಲ್ಲಿ ನಿಂತೇ ಬರುತ್ತಿದ್ದರು. ಅವರು ನಕ್ಕಿದ್ದನ್ನು ನಾವು ಕಂಡಿರಲಿಲ್ಲ.

ಮನುಷ್ಯರ ಗುಣ ಹೇಳುವ ಪದ ಬಂದರೆ ಅವರು ಅರ್ಥ ಬರೆಸಿ ಸುಮ್ಮನಾಗುವವರಲ್ಲ. ‘ಊರಾಗ ಈ ಪದಕ್ಕ ಒಪ್ಪೋರನ್ನ ಹುಡುಕ್ಕೊಂಡು ಬರ್ರಿ’ ಎನ್ನುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ‘ವಿವೇಶಸ್’ (vivacious) ಬಂತು. ‘ಜೀವಕಳೆ ಉಕ್ಕೋರು ಅಂತ. ಹೆಚ್ಚಾಗಿ ಹೆಣ್ಮಕ್ಕಳಿಗೆ ಅಂತಾರ. ಚೆಲ್ಲುಚೆಲ್ಲು ಅಂತಲ್ಲ ಮತ್ತ, ಹೊಗಳಿಕಿ ಇದು’ ಎಂದರು.

ನನಗೆ ಥಟ್ಟನೆ ಹೊಳೆದದ್ದು ಅವ್ವ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಅವಳ ನಗು ಓಣಿಯ ತುದಿಗೆ ಕೇಳುತ್ತಿತ್ತು. ಅಪ್ಪ ಹೋಗಿ ವರ್ಷವಾಗಿರಲಿಲ್ಲ. ‘ಗಂಡ ಸತ್ತಾಕಿ ಹಿಂಗ ನಗ್ತಾಳೇನು?’ ಎಂಬ ಮಾತು ಕಿವಿಗೆ ಬಿದ್ದು, ನಾನು ಅವಳ ಜೊತೆ ಬಜಾರಿಗೆ ಹೋಗುವುದನ್ನೇ ಬಿಟ್ಟಿದ್ದೆ. ನೋಟ್‌ಬುಕ್ಕಿನಲ್ಲಿ ಅವ್ವನ ಹೆಸರು ಹೊಡೆದುಹಾಕಿ ಪಕ್ಕದ ಮನೆಯ ಕಾಕೂನ ಹೆಸರು ಬರೆದೆ.

‘ಖರೇ ಹೇಳು, ಯಾರು ನೆನಪಾದ್ರು?’ ಎಂದರು ಟೀಚರ್, ಹೊಡೆದುಹಾಕಿದ್ದನ್ನು ನೋಡಿ. ಕ್ಲಾಸು ಬಿಟ್ಟ ಮೇಲೆ ಅಳುತ್ತಾ ಎಲ್ಲ ಹೇಳಿದೆ.

ಅಂದು ಅವರು ಸಂಜೆಯ ರೈಲು ಬಿಟ್ಟು ನನ್ನ ಜೊತೆ ಮನೆಗೆ ಬಂದರು. ಅವ್ವ ಅವರ ಕಾಲು ನೋಡಿದವಳೇ, ‘ಬರ್ರಿ ಟೀಚರ್, ಕುಂದ್ರಿ. ಅಯ್ಯ, ನನ್ನ ರೊಟ್ಟಿನೂ ಇಷ್ಟು ಛಂದ ಉಬ್ಬಂಗಿಲ್ಲ!’ ಎಂದುಬಿಟ್ಟಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಟೀಚರ್ ಮಾತ್ರ ಗೋಡೆಗೊರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಹೊರಡುವಾಗ ಆ ಪದದ ಅರ್ಥವನ್ನು ಅವ್ವನಿಗೆ ಬಿಡಿಸಿ ಹೇಳಿ, ‘ನಾಳಿ ಕ್ಲಾಸಿನಾಗ ನಿಮ್ಮ ಹೆಸರು ಹೇಳಬಹುದೇನ್ರಿ?’ ಎಂದು ಕೇಳಿದರು.

ಅವ್ವ ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, ‘ಹಂಗಂದ್ರ ನಾ ನಗಬಹುದೇನ್ರಿ?’ ಎಂದಳು.

‘ನಗ್ರಿ’ ಎಂದರು ಟೀಚರ್.

ಮರುದಿನ ನಾನು ಎದ್ದು ನಿಂತು ಹೇಳಿದೆ. ಯಾರೋ ಕಿಸಕ್ಕೆಂದರು. ಟೀಚರ್ ಅತ್ತ ನೋಡಲೂ ಇಲ್ಲ, ಅವ್ವನ ಹೆಸರನ್ನು ದೊಡ್ಡದಾಗಿ ಬೋರ್ಡಿನ ಮೇಲೆ ಬರೆದರು.

ಹೋದ ವರ್ಷ ಟೀಚರ್ ತೀರಿಕೊಂಡರು. ಅವ್ವ ಈಗಲೂ ಓಣಿಗೆ ಕೇಳುವಂತೆಯೇ ನಗುತ್ತಾಳೆ. ಅವರು ಬರದಿದ್ದರೆ ಆ ನಗು ನಿಲ್ಲಿಸುವವಳು ನಾನೇ ಆಗುತ್ತಿದ್ದೆ. ನಾನೂ ಈಗ ಚಿತ್ತಾಪುರದಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಡೆಯ ಪೀರಿಯಡ್ಡಿಗೆ ಸೊಂಟ ಹಿಡಿದಿರುತ್ತದೆ, ಗೈಡಿನ ಅರ್ಥವನ್ನೇ ಬರೆಸಿ ಸ್ಟೇಷನ್ನಿಗೆ ಓಡುತ್ತೇನೆ. ಅಂಥ ಆಯಾಸದಲ್ಲಿ ಸಂಜೆಯ ರೈಲು ಬಿಡುವುದೆಂದರೇನೆಂದು ಈಗ ಗೊತ್ತಾಗಿದೆ. ನಾನು ಇನ್ನೂ ಯಾವ ಮಗುವಿಗಾಗಿಯೂ ಬಿಟ್ಟಿಲ್ಲ.