ಬಲಗಣ್ಣಿನ ಫೋಟೋ

ಕಡೂರಿನ ಸ್ಟುಡಿಯೋ ಲಕ್ಷ್ಮೀಪತಿ ಕೂತಲ್ಲಿ ಕೂರುವ ಜಾಯಮಾನದವನಲ್ಲ. ಪಾಸ್‌ಪೋರ್ಟ್ ಫೋಟೋಗೆ ಬಂದವರ ಕೈಗೂ ಮರದ ಹಿಡಿಯಿದ್ದ, ಜೋಡಿ ಫೋಟೋ ನೋಡುವ ಹಳೆಯ ದುರ್ಬೀನು ತುರುಕಿ ಅದರ ವಂಶಾವಳಿ ಹೇಳತೊಡಗುವ ಆಸಾಮಿ. ಮೊದಲು ಕನ್ನಡಿಯದು, ಆಮೇಲೆ ಮಸೂರದ್ದು, ಆಮೇಲೆ ಇಂಥ ಕೈಹಿಡಿಯದು, ಮಕ್ಕಳು ಟಕ್ಕೆಂದು ಒತ್ತಿ ತಿರುಗಿಸುತ್ತಿದ್ದ ಚಕ್ರದ್ದು, ಈಗ ಮೊಬೈಲ್ ಸಿಕ್ಕಿಸುವ ರಟ್ಟಿನ ಡಬ್ಬಿ. ಎಲ್ಲದರ ಗುಟ್ಟೂ ಒಂದೇ: ಎಡಗಣ್ಣಿಗೊಂದು ಫೋಟೋ, ಬಲಗಣ್ಣಿಗೊಂದು. ಎರಡೂ ಕೂಡಿದರೆ ಮನುಷ್ಯ ಎದ್ದು ಬಂದಂತೆ ಕಾಣುತ್ತಾನೆ.

ಹೆಂಡತಿ ಬೃಂದಾಳನ್ನೂ ಹಾಗೆ ತೆಗೆದಿದ್ದ, ಕ್ಯಾಮೆರಾ ಚೂರು ಸರಿಸಿ ಎರಡು ಸಲ. "ಅಲ್ಲಾಡ್ಬೇಡ ಕಣೇ" ಎಂದದ್ದಕ್ಕೆ, "ನೀವು ಮೊದ್ಲು ಒಂದ್ಕಡೆ ಸುಮ್ನಿರಿ" ಎಂದಿದ್ದಳು.

ಬೃಂದಾ ತೀರಿಕೊಂಡಳು. ವೈಕುಂಠ ಸಮಾರಾಧನೆ ಮುಗಿಸಿ ನೆಂಟರೆಲ್ಲ ಹೋದ ಮೇಲೆ ದುರ್ಬೀನು ತೆಗೆದರೆ, ಒಳಗೆ ಎಡಗಣ್ಣಿನ ಫೋಟೋ ಮಾತ್ರ! ಎರಡನ್ನೂ ಅಂಟಿಸಿದ್ದ ರಟ್ಟಿನಲ್ಲಿ ಬಲಗಣ್ಣಿನ ಅರ್ಧವನ್ನು ಯಾರೋ ಕತ್ತರಿಸಿಕೊಂಡಿದ್ದರು. ಲಕ್ಷ್ಮೀಪತಿಗೆ ಜೀವವೇ ಹಾರಿಹೋಯಿತು. ಬೃಂದಾ ಎದ್ದು ಬರುತ್ತಿದ್ದದ್ದು ಅದೊಂದರಲ್ಲೇ. ಊರಿಗೆಲ್ಲ ಫೋನ್ ಮಾಡಿದ. ಕೊನೆಗೆ ಅಜ್ಜಂಪುರದಿಂದ ನಾದಿನಿ ರಾಧಮ್ಮ, "ಒಂದೇ ಥರ ಎರಡಿತ್ತಲ್ಲ ಭಾವ, ಒಂದ್ ತಂದ್ಕೊಂಡೆ" ಎಂದಳು.

ದುರ್ಬೀನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಬೀರೂರಿನಲ್ಲಿ ಬಸ್ಸು ನಿಂತರೆ ಡ್ರೈವರನ ಮೇಲೆ ರೇಗಿದ.

ರಾಧಮ್ಮನ ಗೋಡೆಯ ಮೇಲೆ ಬೃಂದಾ ಹಾರ ಹಾಕಿಸಿಕೊಂಡು ಕೂತಿದ್ದಳು, ಹಣೆ ತುಂಬ ಕುಂಕುಮ. ಗಾಜಿನ ಮೇಲಲ್ಲ, ಫೋಟೋದ ಮೇಲೆಯೇ.

"ಹಾಳು ಮಾಡ್ಬಿಟ್ಯಲ್ಲೇ!"

"ಮುತ್ತೈದೆ ಸಾವು ಭಾವ, ಬರೀ ಹಣೇಲಿ ಇಡಕ್ಕಾಗುತ್ತಾ? ಗಾಜಿಗಿಟ್ರೆ ಉದುರುತ್ತೆ ಅಂತ ಎಣ್ಣೇಲಿ ಕಲಸಿ ಹಚ್ದೆ."

ಉಜ್ಜಿದರೆ ಹಣೆಯೂ ಹೋಗುವಂತಿತ್ತು. ಬೈದುಕೊಳ್ಳುತ್ತಲೇ ಅದನ್ನು ಚೌಕಟ್ಟಿನಿಂದ ಬಿಡಿಸಿ, ಎರಡನ್ನೂ ದುರ್ಬೀನಿನಲ್ಲಿ ಜೋಡಿಸಿ ಕಣ್ಣಿಗಿಟ್ಟ. ಬೃಂದಾ ಎದ್ದು ಬಂದಳು. ಆದರೆ ಕುಂಕುಮ ಒಂದು ಗಳಿಗೆ ಇರುತ್ತಿತ್ತು, ಒಂದು ಗಳಿಗೆ ಮಾಯ. ಕಂಡಿದ್ದು ಒಂದೇ ಕಣ್ಣಿಗಲ್ಲವೇ! ಅದು ನಿಲ್ಲದೆ ಅವನ ಮನಸ್ಸೂ ನಿಲ್ಲಲಿಲ್ಲ.

"ರಾಧಾ, ಕುಂಕುಮದ ಬಟ್ಟಲು ತಗೊಂಬಾ."

ಎಡಗಣ್ಣಿನ ಫೋಟೋಗೂ ತಾನೇ ಇಟ್ಟ. ಕುಂಕುಮ ಕೂದಲೆಳೆಯಷ್ಟು ಬಲಕ್ಕೆ ಜರುಗಿತು. ಮತ್ತೆ ನೋಡಿದರೆ, ಆ ಕೂದಲೆಳೆಯ ಅಂತರಕ್ಕೇ ಅದು ಹಣೆಯಿಂದ ಚೂರು ಮುಂದೆ ಬಂದು ನಿಂತಿತ್ತು, ಸರಿಮಾಡಿ ಎಂದು ಅವಳೇ ಮುಖ ಚಾಚಿದ ಹಾಗೆ. ತಡೆಯಲಾರದೆ ಕೈ ನೀಡಿದ. ಬೆರಳಿಗೆ ರಟ್ಟು ತಾಗಿತು.

"ಕಾಫಿ ಆರೋಗ್ತಿದೆ ಭಾವ."

ಲಕ್ಷ್ಮೀಪತಿ ಏಳಲಿಲ್ಲ. ಕಣ್ಣಿಂದ ದುರ್ಬೀನು ಇಳಿಸದೆ, ಒಳಗಿದ್ದವಳಿಗೆ ಮಾತ್ರ ಕೇಳುವಂತೆ ಹೇಳಿದ: "ನೋಡೇ, ಸುಮ್ನೆ ಕೂತಿದೀನಿ."