ಡಿವಿಡಿ ರಿಪೇರಿ ಚಾಚಾ

ಮೇಜಿನ ಮೇಲೆ ಚಾಚಾ ಅವರ ಎರಡೂ ಕೈ ಅಲುಗುತ್ತಿರಲಿಲ್ಲ. ಮೇಜಿನ ಕೆಳಗೆ ಎಡಗಾಲು ಮಾತ್ರ ಒಂದು ಗಳಿಗೆಯೂ ನಿಲ್ಲದೆ ಕುಣಿಯುತ್ತಿತ್ತು. ಹವಾಯಿ ಚಪ್ಪಲಿ ನೆಲಕ್ಕೆ ಟಪಟಪ ಬಡಿಯುವುದು ರಸ್ತೆಯವರೆಗೂ ಕೇಳುತ್ತಿತ್ತು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರು ಡಬ್ಬಿ ಅಂಗಡಿಯಲ್ಲಿ ಟಿವಿ, ರೇಡಿಯೊ, ಡಿವಿಡಿ ಪ್ಲೇಯರ್ ರಿಪೇರಿ ಮಾಡುತ್ತಿದ್ದ ಅವರು ಊರಿಗೆಲ್ಲ ಚಾಚಾ. ಕಾಲು ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ.

“ಕೈ ಸುಮ್ಮನಿರಬೇಕಲ್ಲ ಯವ್ವಾ. ಅದಕ್ಕ ಚಡಪಡಿಕಿ ಎಲ್ಲಾ ಕಾಲಿಗೆ ಕಳಿಸೀನಿ,” ಎಂದಿದ್ದರು.

ನನ್ನ ಚಡಪಡಿಕೆಯನ್ನು ಎಲ್ಲಿಗೆ ಕಳಿಸಬೇಕೋ ನನಗೆ ತಿಳಿದಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ಬೈಯುತ್ತಿದ್ದಳು. ನೇಕಾರರ ಮನೆಯ ಮಗಳಾಗಿಯೂ ಮಗ್ಗದ ಮುಂದೆ ಅರ್ಧ ತಾಸು ಕೂತರೆ ಹೆಚ್ಚು. ಕುಕ್ಕರಿನ ಸೀಟಿಯೋ ಬೀದಿಯ ಮಾತೋ ನೆವವಾಗಿ ಎದ್ದುಬಿಡುತ್ತಿದ್ದೆ. ಅಪ್ಪನಿಗೆ ಲಕ್ವಾ ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋದವು. ಅಪ್ಪ ನೇಯುತ್ತಿದ್ದ ಒಂದು ಹಳೆಯ ಸೀರೆ ದಡಿ, ಅಂಚಿನ ಹೂವಿನ ಆ ನೇಯ್ಗೆ, ಬೇರೆ ಯಾರಿಗೂ ಬರುತ್ತಿರಲಿಲ್ಲ. ಯಾವ ಎಳೆ ಎತ್ತಬೇಕು, ಯಾವುದನ್ನು ಬಿಡಬೇಕು ಎಂಬುದು ಅವನ ಬೆರಳಿಗಷ್ಟೇ ಗೊತ್ತಿತ್ತು. ಉಳಿದಿದ್ದು ಒಂದು ಡಿವಿಡಿ. ಮದುವೆ ವಿಡಿಯೊ ತೆಗೆಯುವ ಸಂಬಂಧಿಕನೊಬ್ಬ ಹಿಂದೊಮ್ಮೆ ಮನೆಗೆ ಬಂದಾಗ ಅಪ್ಪನ ಕೈಗಳನ್ನೇ ಅರ್ಧ ತಾಸು ತೆಗೆದು ಕೊಟ್ಟಿದ್ದ. ಅದನ್ನು ನೋಡಿಯಾದರೂ ಕಲಿಯಬೇಕು, ಇಲ್ಲದಿದ್ದರೆ ಆ ದಡಿ ಅಪ್ಪನ ಜೊತೆಗೇ ಹೋಗುತ್ತದೆ ಎಂದು ಹಟ ಹಿಡಿದು ಕೂತೆ.

ಎರಡನೆಯ ದಿನವೇ ಚಿತ್ರ ನಿಂತಿತು. ಆಮೇಲೆ ಮಾಡಬಾರದ್ದನ್ನೆಲ್ಲ ಮಾಡಿದೆ. ನಮ್ಮ ಪ್ಲೇಯರಿನೊಳಗೆ ಹೋಗದ ತಟ್ಟೆಯನ್ನು ಬೆರಳಿನಿಂದ ದೂಡಿದೆ. ಡಿಸ್ಕ್ ತಿರುಗುತ್ತಿದ್ದಾಗಲೇ ಪ್ಲಗ್ ಕಿತ್ತೆ. ತಾಟು ತಿಕ್ಕಿದ ಹಾಗೆ ಡಿಸ್ಕನ್ನು ಸೆರಗಿನಿಂದ ಗುಂಡಗೆ ಗಸಗಸ ತಿಕ್ಕಿದೆ. ಕೊನೆಗೆ ಮುಚ್ಚಳವನ್ನೇ ಬಿಚ್ಚಿ, ಬಿಚ್ಚಿದ್ದನ್ನು ಹಾಗೇ ಚೀಲಕ್ಕೆ ತುಂಬಿಕೊಂಡು ಚಾಚಾ ಅಂಗಡಿಗೆ ಓಡಿದೆ.

ಎಂದೂ ದನಿ ಎತ್ತದ ಮನುಷ್ಯ ಅವತ್ತು ಎತ್ತಿದರು. “ಪ್ಲಗ್ ಕಿತ್ತರೂ ಒಳಗ ಕರೆಂಟ್ ಕುಂತಿರತೈತಿ. ಹೊಡೀತಂದ್ರ ನಿಮ್ಮಪ್ಪನ ಬಾಜೂಕ ನಿಂದೊಂದು ಹೊರಸು ಹಾಕಬೇಕಾಗ್ತಿತ್ತು.” ನನ್ನ ಕಣ್ಣು ತುಂಬಿದ್ದು ಕಂಡು ಚಹಾ ತರಿಸಿದರು.

ಯಂತ್ರದ ಧೂಳು ನೋಡಿಯೇ ಅವರು ಅದು ಯಾವ ಊರಿನದು, ಎಂಥ ಮನೆಯದು ಎಂದು ಹೇಳುತ್ತಿದ್ದರು. ಅಬ್ಬಿಗೇರಿಯದಾದರೆ ಎರೆಮಣ್ಣಿನ ಪುಡಿ, ಹೊಳೆಮಣ್ಣೂರಿನದಾದರೆ ಹೊಳೆಯ ರಾಡಿ. ನಮ್ಮದರಲ್ಲಿ ಮಗ್ಗದ ನೂಲಿನ ನವಿರು ಮುದ್ದೆಯಾಗಿ ಕೂತಿತ್ತು, ಲೆನ್ಸಿನ ಮೇಲೆ ಕೆಂಪು ಪುಡಿ. ದಸರೆಯ ಖಂಡೇಪೂಜೆಯಲ್ಲಿ ಮಗ್ಗದ ಜೊತೆ ಇದಕ್ಕೂ ವಿಭೂತಿ, ಕುಂಕುಮ ಹಚ್ಚುವವಳು ನಾನೇ. “ಪೂಜಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಕುಂಕುಮ ಮಗ್ಗಕ್ಕ ಹಚ್ರಿ, ಇದಕ್ಕ ಒಂದು ಹೂವು ಸಾಕು,” ಎಂದು ನಕ್ಕರು. ಡಿಸ್ಕನ್ನು ಅಂಚಿನಲ್ಲಷ್ಟೇ ಹಿಡಿದು ಬೆಳಕಿಗೆ ಒಡ್ಡಿದಾಗ ಆ ನಗೆ ಹೋಯಿತು. ನಡುವಿನಿಂದ ಹೊರಕ್ಕೆ ನೆಟ್ಟಗೆ ಒರೆಸಬೇಕಂತೆ. ಹಾಗೆ ಬಿದ್ದ ಗೆರೆಯನ್ನು ಯಂತ್ರ ಹೇಗೋ ದಾಟುತ್ತದೆ. ಗುಂಡಗೆ ಬಿದ್ದ ಗೆರೆಯಲ್ಲಿ ದಾರಿ ತಪ್ಪುತ್ತದೆ. ನಾನು ಎಳೆದಿದ್ದೆಲ್ಲ ಗುಂಡು ಗೆರೆಗಳೇ.

ನಾಲ್ಕು ದಿನ ಬಿಟ್ಟು ಬಾ ಎಂದರು. ನಾಲ್ಕೂ ದಿನ ಹೋದೆ. ಸ್ಟೂಲಿನ ಮೇಲೆ ಕೂರುವುದು, ಏಳುವುದು, ರೋಣದ ಬಸ್ಸು ಬಂತೇ ಎಂದು ಸುಮ್ಮನೆ ನೋಡುವುದು. ನನಗೆ ಆ ಬಸ್ಸಿನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಚಾಚಾ ಡಿಸ್ಕ್ ತಿಕ್ಕಿ ನುಣುಪು ಮಾಡಿ, ಮೂರು ಬೇರೆ ಬೇರೆ ಪ್ಲೇಯರಿನಲ್ಲಿ ಹಾಕಿ ನೋಡಿದರು. ಚಿತ್ರ ಬಂತು. ಆದರೆ ದಡಿಯ ಹೂವು ತಿರುಗುವ ಜಾಗಕ್ಕೆ ಬಂದ ಕೂಡಲೇ ಅಪ್ಪನ ಕೈ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಇನ್ನೊಮ್ಮೆ ನೋಡಿ, ಬೇರೆ ಯಾವುದಾದರೂ ಮಶೀನು ತರಿಸಿ ಎಂದು ಗೋಗರೆದೆ.

ಚಾಚಾ ಕನ್ನಡಕ ತೆಗೆದು ಕೆಳಗಿಟ್ಟರು. “ನಾಕ ದಿನದಾಗ ನನ್ನ ಮುಂದ ಇಷ್ಟೊತ್ತು ಕುಂತಿ. ನಿಮ್ಮಪ್ಪನ ಹತ್ರ ಎಷ್ಟೊತ್ತು ಕುಂತಿ, ಹೇಳು?”

ಗಂಜಿ ಕುಡಿಸುತ್ತಿದ್ದೆ, ಹಾಸಿಗೆ ಬದಲಿಸುತ್ತಿದ್ದೆ, ಓಡುತ್ತಿದ್ದೆ. ಸೊಟ್ಟಗಾದ ಆ ಮುಖದ ಎದುರು ಕೂರಲು ಹೆದರಿಕೆ. ಮಾತು ಹೋದವನಿಗೆ ತಿಳಿವಳಿಕೆಯೂ ಹೋಗಿದೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಮರುದಿನ ಅಂಗಡಿ ಮುಚ್ಚಿ ಚಾಚಾ ಪ್ಲೇಯರನ್ನು ಮಗುವಿನಂತೆ ಎತ್ತಿಕೊಂಡು ನಮ್ಮ ಮನೆಗೆ ಬಂದರು. ಮಗ್ಗದಿಂದ ದೂರ, ಸಮನಾದ ಹಲಗೆಯ ಮೇಲೆ ಇಟ್ಟು ಅಪ್ಪನಿಗೆ ಕಾಣುವಂತೆ ಟಿವಿ ತಿರುಗಿಸಿದರು. ಅಪ್ಪ ಟಿವಿಯಲ್ಲಿ ತನ್ನ ಕೈಯನ್ನು ತಾನೇ ನೋಡುತ್ತ ಮಲಗಿದ್ದ. ಚಿತ್ರ ಅಲ್ಲಿಗೇ ಬಂದು ನಿಂತಿತು.

“ಅಣ್ಣಾರ, ಇಲ್ಲಿಂದ ಮುಂದ ನನ್ನ ಕೈಲಿ ಆಗಲಿಲ್ರಿ,” ಎಂದರು ಚಾಚಾ. “ನೀವ ಹೇಳಬೇಕು.”

ಅಪ್ಪನ ಎಡಗೈ ಕೌದಿಯ ಮೇಲೆ ನಿಧಾನ ಎದ್ದಿತು. ಎರಡು ಬೆರಳು ಎತ್ತಿದ. ಒಂದನ್ನು ಮಡಚಿದ. ಮೂರು ಎತ್ತಿದ. ಎತ್ತಬೇಕಾದ ಎಳೆ, ಬಿಡಬೇಕಾದ ಎಳೆ. ನಾನು ಮಗ್ಗಕ್ಕೆ ಕೂತೆ. ತಪ್ಪಿದರೆ ಅಪ್ಪ ಹೊರಸಿನ ಪಟ್ಟಿಗೆ ಬಡಿಯುತ್ತಿದ್ದ, ಮತ್ತೆ ತೋರಿಸುತ್ತಿದ್ದ. ಸಂಜೆ ದೀಪ ಹಚ್ಚುವವರೆಗೆ ನಾನು ಏಳಲಿಲ್ಲ. ಚಾಚಾ ಯಾವಾಗ ಎದ್ದು ಹೋದರೋ ಗೊತ್ತಾಗಲಿಲ್ಲ.

ಅದಾದ ಮೇಲೆ ಅಪ್ಪ ಎರಡು ವರ್ಷ ಇದ್ದ. ಚಾಚಾ ಹೋದ ವರ್ಷ ರಂಜಾನಿಗೆ ಮುಂಚೆ ತೀರಿಕೊಂಡರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ನನ್ನ ಸೀರೆಯ ದಡಿ ನೋಡಿದವರು, ಅಪ್ಪ ಮಗಳಿಗೆ ವಿದ್ಯೆ ಕೊಟ್ಟು ಹೋದ ಎನ್ನುತ್ತಾರೆ. ಖರೆ, ಕೊಟ್ಟವನು ಅಪ್ಪ. ಆದರೆ ಆ ಹೊರಸಿನ ಮೇಲೆ ಅಪ್ಪ ಇನ್ನೂ ಇದ್ದಾನೆ ಎಂದು ನನಗೆ ತೋರಿಸಿದವರು ಚಾಚಾ. ಅವರು ಅಷ್ಟು ಮಾಡದಿದ್ದರೆ, ಅಪ್ಪ ಸಾಯುವ ದಿನವೂ ನಾನು ಯಾರದೋ ಅಂಗಡಿಯ ಮುಂದೆ ನಿಂತು ಆ ಡಿಸ್ಕಿನಲ್ಲಿ ಅವನ ಕೈ ಹುಡುಕುತ್ತಿದ್ದೆ.