ಸಿಲಿಂಡರು ಬೇಗ ಮುಗಿಯುತ್ತಿದ್ದ ವರ್ಷ

ತೆಂಗಿನ ಪೊರಕೆಕಡ್ಡಿ ಸುಟ್ಟ ವಾಸನೆ ನಿಮಗೆ ನೆನಪಿದೆಯೇ? ಊದುಬತ್ತಿಯದಲ್ಲ, ಸೌದೆಯದೂ ಅಲ್ಲ. ತುದಿಯಲ್ಲಿ ಒಂದಿಷ್ಟು ಎಣ್ಣೆ ಜಿನುಗಿದಂತೆ ಕಮಟು, ಆಮೇಲೆ ಒಣ ಗರಿಯ ಸಣ್ಣ ಸಿಹಿ. ಮೊನ್ನೆ ನಮ್ಮ ಮನೆಯ ಲೈಟರು ಕೆಟ್ಟು, ಬೆಂಕಿಪೊಟ್ಟಣವೂ ಸಿಗದೆ, ದೇವರ ದೀಪದಿಂದ ಪೊರಕೆಕಡ್ಡಿಗೆ ಬೆಂಕಿ ತಾಗಿಸಿ ಗ್ಯಾಸ್ ಹಚ್ಚಿದೆ. ಕಡ್ಡಿಯನ್ನು ಊದಿ ಆರಿಸಿದಾಗ ಎದ್ದ ಆ ಒಂದೆಳೆ ಹೊಗೆ ನನ್ನನ್ನು ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಹಳೆಯ ಮನೆಗೆ ಕರೆದುಕೊಂಡು ಹೋಗಿ ನಿಲ್ಲಿಸಿತು. ರೈಲು ಹಾದುಹೋದಾಗಲೆಲ್ಲ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಗುಂಯ್‌ಗುಟ್ಟುತ್ತಿದ್ದ ಮನೆ. ಮುಂದೆ ಕೆಂಪು ಗಾರೆಯ ಜಗುಲಿ, ನಡುಮನೆ, ಅದರಾಚೆ ಕಡಪ ಕಲ್ಲಿನ ಕಟ್ಟೆಯಿದ್ದ ಅಡುಗೆಮನೆ, ಅಲ್ಲಿಂದ ಎರಡು ಮೆಟ್ಟಿಲಿಳಿದರೆ ಹಿತ್ತಲಿಗೆ ಅಂಟಿಕೊಂಡ ಒಲೆಮನೆ. ಕಡಪ ಕಲ್ಲಿನ ಮೇಲಿದ್ದ ಗ್ಯಾಸು ಅಮ್ಮನದು, ಒಲೆಮನೆಯ ಜೋಡಿ ಒಲೆ ಅಜ್ಜಿಯದು. ಆ ಎರಡು ಮೆಟ್ಟಿಲುಗಳ ನಡುವೆ ಒಂದು ಗಡಿಯಿದೆಯೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಆದರೂ ನನಗೆ ಗೊತ್ತಿತ್ತು. ಈಗ ಆ ಜಾಗದಲ್ಲಿ ಮೊಬೈಲು ರಿಪೇರಿ ಮಾಡುವ ಅಂಗಡಿಯಿದೆ. ಒಲೆಮನೆ ಇದ್ದಲ್ಲಿ ಬೈಕು ನಿಲ್ಲಿಸುತ್ತಾರೆ.

ಅಪ್ಪನಿಗೆ ಹಳ್ಳಿಗಳ ಹಾಲಿನ ಸಂಘಗಳಿಗೆ ಹೋಗಿ ಹಾಲಿನ ಗುಣ ಪರೀಕ್ಷಿಸುವ ಕೆಲಸ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಂದು ವಾರವೆಲ್ಲ ಸ್ಕೂಟರಿನಲ್ಲಿ ತಿರುಗುತ್ತಿದ್ದ, ಮಧ್ಯಾಹ್ನದ ಊಟಕ್ಕೆ ಮಾತ್ರ ಆದಷ್ಟೂ ಮನೆಗೆ ಬಂದುಬಿಡುತ್ತಿದ್ದ. ಹೋದಲ್ಲೆಲ್ಲ ಒಳ್ಳೆಯ ತಿಂಡಿ ಎಲ್ಲಿ ಸಿಗುತ್ತದೆಂದು ಹುಡುಕುವುದು ಅವನ ಇನ್ನೊಂದು ಉದ್ಯೋಗ. ಬೂಕನಕೆರೆಯ ಸಂತೆ ದಿನ ಮರದಡಿ ಒಬ್ಬಾಕೆ ಹಾಕುವ ರಾಗಿ ರೊಟ್ಟಿ, ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಬೆಳಿಗ್ಗೆ ಎಂಟರೊಳಗೆ ಖಾಲಿಯಾಗುವ ಇಡ್ಲಿ, ಕಿರಂಗೂರಿನ ನಮ್ಮ ನೆಂಟರ ಮನೆಯ ಹುರುಳಿಕಟ್ಟಿನ ಸಾರು, ಇವನ್ನೆಲ್ಲ ಮನೆಗೆ ಬಂದು ವರ್ಣಿಸುತ್ತಿದ್ದ. ಪ್ರತಿ ಹೊಸ ವರ್ಷಕ್ಕೆ ಅವನಿಗೆ ಪುಕ್ಕಟೆ ಸಿಗುತ್ತಿದ್ದ ಡೈರಿ ನನ್ನ ಪಾಲಾಗುತ್ತಿತ್ತು. ನಾನು ಆಗ ಆರನೆಯ ಕ್ಲಾಸು. ಊರು, ತಿಂಡಿ, ಅಪ್ಪ ಕೊಟ್ಟ ನಂಬರು ಎಂದು ಮೂರು ಗೀಟು ಎಳೆದು ಬರೆದಿಡುತ್ತಿದ್ದೆ. ಅಪ್ಪನಿಗೆ ತನ್ನ ನಾಲಿಗೆಯ ಮೇಲೆ ಎಷ್ಟು ಭರವಸೆಯೆಂದರೆ, ಅಡುಗೆ ಯಾವ ಬೆಂಕಿಯಲ್ಲಿ ಬೆಂದದ್ದು ಎಂಬುದನ್ನೂ ಒಂದು ತುತ್ತಿನಲ್ಲಿ ಹೇಳಿಬಿಡುತ್ತಿದ್ದ. "ಇದು ಸೀಮೆಎಣ್ಣೆ ಸ್ಟವ್ವು, ಇದು ಮರದೊಟ್ಟು, ಇದು ಜಾಲಿ ಸೌದೆ" ಎಂದು ತೀರ್ಪು ಕೊಟ್ಟು, ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: ನಾಲ್ಕು ತಾಲೂಕು ತಿರುಗಿದರೂ ನಮ್ಮವ್ವ ಸೌದೆ ಒಲೆಯ ಮೇಲೆ ತಿರುವಿದ ಹಿಟ್ಟಿಗೆ ಸಮ ಇಲ್ಲ. ನಮ್ಮ ಕಡೆ ರಾಗಿ ಮುದ್ದೆಗೆ ಹಿಟ್ಟು ಎನ್ನುವುದೇ ರೂಢಿ, ಆಡುಮಾತಿನಲ್ಲಿ ಅದು ಇಟ್ಟು. ಅಜ್ಜಿ ಆ ಮಾತು ಕೇಳಿಯೂ ಕೇಳದವಳಂತೆ ಸೆರಗಿನಲ್ಲಿ ಬಾಯೊರೆಸಿಕೊಳ್ಳುತ್ತಿದ್ದಳು. ಸಂಸಾರದ ಬೀಗದಕೈ, ದೇವರ ಪೂಜೆ, ನೆಂಟರಿಗೆ ಉಡುಗೊರೆ ಎಲ್ಲ ಆಗಲೇ ಅಮ್ಮನ ಕೈಗೆ ಬಂದಿದ್ದವು. ಮಧ್ಯಾಹ್ನದ ಹಿಟ್ಟು ಮಾತ್ರ ಅಜ್ಜಿಯ ಕೈಯಲ್ಲಿ ಉಳಿದಿತ್ತು.

ಅದು ಯಾವುದೂ ಸಲೀಸಾಗಿ ಸಿಗದ ಕಾಲ. ಸೀಮೆಎಣ್ಣೆ ಬಂತೆಂಬ ಸುದ್ದಿ ಹಬ್ಬಿದರೆ ಸಾಕು, ಡಿಪೋ ಮುಂದೆ ಮನುಷ್ಯರಿಗಿಂತ ಮುಂಚೆ ಡಬ್ಬಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಡಬ್ಬವಿಲ್ಲದವರು ಒಂದು ಇಟ್ಟಿಗೆ ಇಟ್ಟು ಹೋಗುತ್ತಿದ್ದರು, ಇಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು. ಗ್ಯಾಸಿನದು ಬೇರೆಯೇ ಕಥೆ. ನಮಗಿದ್ದದ್ದು ಒಂದೇ ಸಿಲಿಂಡರು. ಅದು ಮುಗಿದು, ಬುಕ್ ಮಾಡಿ, ಹೊಸದು ಬರುವ ತನಕ ಎರಡು ವಾರವೋ ಮೂರು ವಾರವೋ, ಅಪ್ಪನೇ ಡಬ್ಬ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಆದ್ದರಿಂದ ಸಿಲಿಂಡರು ಕೂಡಿಸಿದ ದಿನ ಮತ್ತು ಮುಗಿದ ದಿನವನ್ನು ಬರೆದಿಡುವ ಜವಾಬ್ದಾರಿ ನನ್ನದಾಯಿತು. ಹಚ್ಚಿದ ದಿನಕ್ಕೊಂದು ಕಡ್ಡಿಗೆರೆ, ಐದಾದಾಗ ಅಡ್ಡಗೆರೆ. ಮೊದಲನೆಯದು ನಲವತ್ತೆರಡು ದಿನ ಬಂತು. ಎರಡನೆಯದು ಮೂವತ್ತೇಳು. ಮಳೆಗಾಲ ಶುರುವಾದ ಮೇಲೆ ಮೂವತ್ತೊಂದು. ಅದರ ನಂತರದ್ದು ಇಪ್ಪತ್ತಾರಕ್ಕೇ ಉಸಿರು ಬಿಟ್ಟಿತು.

ಅಪ್ಪ ನನ್ನ ಡೈರಿಯನ್ನು ಕನ್ನಡಕ ಹಾಕಿಕೊಂಡು ನೋಡಿದ. ಆಮೇಲೆ ಅಮ್ಮನ ಕಡೆ ತಿರುಗಿದ. "ಏನಮ್ಮಿ, ಗ್ಯಾಸ್ನ ಉರಿಸ್ತೀಯೋ ಕುಡೀತೀಯೋ?" ಅಮ್ಮ ಅಂಗನವಾಡಿ ಟೀಚರು. ಬೆಳಿಗ್ಗೆ ತಿಂಡಿ, ಕಾಫಿ, ರಾತ್ರಿಗೆ ಅನ್ನ ಸಾರು, ಇಷ್ಟೇ ಅವಳು ಗ್ಯಾಸಿನಲ್ಲಿ ಮಾಡುತ್ತಿದ್ದುದು. ಅದಾದ ಮೇಲೆ ಆ ಮಾತು ಅಪ್ಪನ ಬಾಯಿಪಾಠವಾಯಿತು. ಬೀದಿಯವರೆದುರು, ನೆಂಟರೆದುರು, ಸಿಲಿಂಡರು ಉರುಳಿಸಿಕೊಂಡು ಬರುವ ಹುಡುಗನೆದುರು ಕೂಡ, "ನಮ್ಮನೇಲಿ ಗ್ಯಾಸ್ ಕುಡಿಯೋರವ್ರೆ ಕಣಪ್ಪ." ಎಲ್ಲರೂ ನಗುತ್ತಿದ್ದರು. ಅಮ್ಮನ ಕಿವಿ ಕೆಂಪಾಗುವುದು ನನಗೆ ಕಾಣುತ್ತಿತ್ತು. ನನ್ನ ಡೈರಿಯ ಗೆರೆಗಳಿಂದಲೇ ಅವಳಿಗೆ ಈ ಕೆಟ್ಟ ಹೆಸರು ಬಂದದ್ದು, ಆದ್ದರಿಂದ ಡೈರಿಯಿಂದಲೇ ಅದನ್ನು ಅಳಿಸಬೇಕೆಂದು ನಿಶ್ಚಯಿಸಿದೆ. ಅವಳು ಗ್ಯಾಸ್ ಹಚ್ಚಿದ ಗಳಿಗೆ, ಆರಿಸಿದ ಗಳಿಗೆ, ಎರಡನ್ನೂ ಟೈಂಪೀಸು ನೋಡಿ ಬರೆಯತೊಡಗಿದೆ. ಕೂಡಿದರೆ ದಿನಕ್ಕೆ ಎರಡು ಗಂಟೆಯೂ ದಾಟುತ್ತಿರಲಿಲ್ಲ. ಹಿಂದೆಯೂ ಅಷ್ಟೇ ಉರಿಸುತ್ತಿದ್ದಳು. ಹಾಗಾದರೆ ಉಳಿದ ಗ್ಯಾಸು ಎಲ್ಲಿಗೆ ಹೋಗುತ್ತಿತ್ತು? ಸೋರುತ್ತಿದೆಯೇ ಎಂದು ಸೋಪಿನ ನೀರು ಹಚ್ಚಿ ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಎರಡು ವಿಚಿತ್ರಗಳು ಮಾತ್ರ ಪುಟದ ಅಂಚಿನಲ್ಲಿ ದಾಖಲಾದವು. ಗ್ಯಾಸಿನ ಪಕ್ಕ ತುದಿ ಸುಟ್ಟ ಪೊರಕೆಕಡ್ಡಿ ಬಿದ್ದಿರುತ್ತದೆ, ಅಮ್ಮನಾದರೋ ಲೈಟರು ಬಳಸುತ್ತಾಳೆ. ಅಂಗನವಾಡಿಯಿಂದ ಬಂದ ಕೂಡಲೇ ಅಮ್ಮ ಗ್ಯಾಸಿನ ಒಲೆ ಒರೆಸುತ್ತಾಳೆ, ಬಟ್ಟೆ ಕಪ್ಪಾಗುತ್ತದೆ. ಬರೆದೆ, ಆದರೆ ಒಂದಕ್ಕೊಂದು ಹೊಂದಿಸಲಿಲ್ಲ.

ಒಂದು ಶನಿವಾರ ಅರ್ಧ ದಿನದ ಸ್ಕೂಲು ಬಿಟ್ಟು ಮನೆಗೆ ಬಂದಾಗ ಆ ಕಡ್ಡಿಯ ವಾಸನೆ ನಡುಮನೆಯ ತನಕ ಬಂದಿತ್ತು. ಬಾಗಿಲ ಸಂದಿಯಿಂದ ನೋಡಿದೆ. ಅಜ್ಜಿ ದೇವರ ದೀಪದಿಂದ ಹಚ್ಚಿಕೊಂಡ ಕಡ್ಡಿಯನ್ನು ಉದ್ದಕ್ಕೆ ಚಾಚಿ, ಮುಖ ಹಿಂದಕ್ಕೆ ತಿರುಗಿಸಿ, ಹಾವಿನ ಹುತ್ತಕ್ಕೆ ಕೈ ಹಾಕುವವಳಂತೆ ಗ್ಯಾಸಿನ ತಿರುಪು ತಿರುಗಿಸುತ್ತಿದ್ದಳು. ಭುಸ್ಸೆಂದು ಹೊತ್ತಿಕೊಂಡಾಗ ಬೆಚ್ಚಿ, ತನಗೆ ತಾನೇ "ಓ, ಸುಮ್ಕಿರಪ್ಪ" ಅಂದಳು. ಮಸಿ ಹಿಡಿದ ತನ್ನ ಹಿಟ್ಟಿನ ಪಾತ್ರೆಯನ್ನು ಅದರ ಮೇಲಿಟ್ಟು, ಎಸರು ಕುದಿಯುವ ತನಕ ಮೆಟ್ಟಿಲಿಳಿದು ಹೋಗಿ ಒಲೆಗೆ ನಾಲ್ಕು ತೆಂಗಿನ ಕರಟ ಹಾಕಿ ಬಂದಳು. ಮನೆಗೆಲ್ಲ ಒಂದಿಷ್ಟು ಒಲೆಯ ಘಮ ಹರಡಲಿ ಎಂದಿರಬೇಕು. ಉಪ್ಪುಸಾರಿನ ಮೆಣಸಿನಕಾಯಿ ಸುಡುವುದಕ್ಕೂ ಆ ಕೆಂಡ ಸಾಕು. ಅಜ್ಜಿಯ ಕಣ್ಣಿಗೆ ಪೊರೆ ಬರುತ್ತಿತ್ತು. ಮಳೆಯಲ್ಲಿ ನೆನೆದ ಜಾಲಿ ಸೌದೆಯನ್ನು ಊದುವುದು, ಆ ಹೊಗೆಯಲ್ಲಿ ಕಣ್ಣು ಬಿಡುವುದು ಅವಳಿಂದ ಆಗುತ್ತಿರಲಿಲ್ಲ. ಇದು ನನಗೆ ಈಗ ಗೊತ್ತು. ಅಂದು ನನಗಿದ್ದದ್ದು ಕಳ್ಳತನ ಹಿಡಿದ ಸಂಭ್ರಮ ಮಾತ್ರ. ಹನ್ನೆರಡೂ ಐದರಿಂದ ಹನ್ನೆರಡೂ ಐವತ್ತು ಎಂದು ಬರೆದುಕೊಂಡೆ.

ಮರುದಿನ ಭಾನುವಾರ ಅಕ್ಕಿಹೆಬ್ಬಾಳಿನಿಂದ ದೊಡ್ಡಪ್ಪ ಬಂದ. ಅವನು ಅಜ್ಜಿಯ ಅಕ್ಕನ ಮಗ, ಅಪ್ಪನಿಗೆ ಅಣ್ಣನಾಗಬೇಕು. ಅಮ್ಮ ಬಟ್ಟೆಗಂಟು ಹೊತ್ತು ಹೊಳೆಗೆ ಹೋಗಿದ್ದಳು. ಭಾನುವಾರ ಅಡುಗೆಯ ಹೊತ್ತಿಗೆ ಸರಿಯಾಗಿ ಅವಳು ಹೊಳೆಗೆ ಹೋಗುವುದು ವಾಡಿಕೆ. ಅಂದೂ ಅಜ್ಜಿ ಗ್ಯಾಸಿನಲ್ಲೇ ಹಿಟ್ಟು ತಿರುವಿದ್ದನ್ನು ಬಾಗಿಲ ಸಂದಿಯಿಂದ ನೋಡಿ ಗುರುತು ಹಾಕಿಕೊಂಡಿದ್ದೆ. ಎಲ್ಲರೂ ಊಟಕ್ಕೆ ಕೂತಾಗ ಅಮ್ಮ ಒದ್ದೆ ಸೀರೆಯಲ್ಲಿ ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತಳು. ಬಿಸಿ ಹಿಟ್ಟು, ಅವರೆಕಾಳಿನ ಬಸ್ಸಾರು, ಮೇಲೊಂದು ಮಿಳ್ಳೆ ತುಪ್ಪ. ದೊಡ್ಡಪ್ಪ ಎರಡು ತುತ್ತು ನುಂಗಿ ಕಣ್ಮುಚ್ಚಿ ಹೇಳಿದ: "ಚಿಕ್ಕವ್ವ, ನಿನ್ ಕೈ ಇಟ್ಟಿಗೆ ಅಕ್ಕಿಹೆಬ್ಬಾಳಿಂದ ನಡ್ಕಂಡೇ ಬರ್ಬೋದು ಕಣವ್ವ."

"ಅದ್ಕೇ ಏಳೋದು, ಸೌದೆ ಒಲೆ ಅಂದ್ರೆ ಸೌದೆ ಒಲೇನೇ ಕಣಣ್ಣ," ಅಪ್ಪ ಹಿಗ್ಗಿದ. "ಗ್ಯಾಸಲ್ಲಿ ಮಾಡಿದ್ ಇಟ್ಟು ರಬ್ಬರು. ಬೆಂಕಿ ಯಾವ್ದು ಅಂತ ನಾಲ್ಗೆ ಏಳ್ಬುಡ್ತದೆ. ಇವ್ಳು ನೋಡು, ಸಿಲಿಂಡರ್ನ ಇಪ್ಪತ್ತಾರೇ ದಿವ್ಸಕ್ಕೆ ಕುಡ್ದಾಕ್ಬುಟ್ಳು."

ನಾನು ಎದ್ದು ಹೋಗಿ ಡೈರಿ ತಂದೆ. "ಅಪ್ಪಾ, ಅಮ್ಮ ಅಲ್ಲ. ಈ ಇಟ್ಟು ಬೆಂದಿದ್ದೇ ಗ್ಯಾಸಲ್ಲಿ. ನಿನ್ನೇದೂ ಅಷ್ಟೇ. ಟೈಮು ಬರ್ಕೊಂಡಿದೀನಿ ನೋಡು."

ದೊಡ್ಡಪ್ಪನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಅಜ್ಜಿ ಸೌಟು ಹಿಡಿದವಳು ಸಾರು ಬಡಿಸಲಿಲ್ಲ, ಕೆಳಗೂ ಇಡಲಿಲ್ಲ. ಅವಳ ಮುಖ ನಾನು ನೋಡನೋಡುತ್ತಲೇ ಸಣ್ಣದಾಯಿತು. ಆಗ ಬಾಗಿಲ ಕಡೆಯಿಂದ ಅಮ್ಮನ ದನಿ ಬಂತು, ಎಂದಿಗಿಂತ ಸ್ವಲ್ಪ ಜೋರಾಗಿಯೇ. "ಅದು ನಾನೇ ಇಟ್ಟಿದ್ದು. ನೀರು ಬೇಗ ಕಾಯ್ಲಿ ಅಂತ ಪಾತ್ರೆನ ಗ್ಯಾಸ್ ಮೇಲಿಕ್ಬುಟ್ಟು ಒಳೆಗೋದೆ. ಅತ್ತೆ ಒಲೆಗೆ ಇಳ್ಸ್ಕಂಡು ತಿರುವವ್ರೆ. ಇವ್ಳು ಗಡಿಯಾರ ನೋಡ್ತಾಳೆ, ಒಲೆ ನೋಡಲ್ಲ."

"ಅಂಗನ್ನು ಮತ್ತೆ!" ಅಪ್ಪ ತೊಡೆ ತಟ್ಟಿದ. "ನನ್ ನಾಲ್ಗೆ ಸುಳ್ಳೇಳ್ತದಾ?" ದೊಡ್ಡಪ್ಪ ಜೋರಾಗಿ ನಕ್ಕ. ಇಬ್ಬರೂ ಇನ್ನೊಂದೊಂದು ಹಿಟ್ಟು ಹಾಕಿಸಿಕೊಂಡರು. ಅಜ್ಜಿ ನಗಲಿಲ್ಲ. ನನ್ನ ಬರಹ ಸರಿ, ಒಂದು ನಿಮಿಷದ ವ್ಯತ್ಯಾಸವೂ ಅದರಲ್ಲಿಲ್ಲ. ನಾನು ಯಾರ ಹೆಸರು ಉಳಿಸಲು ಅದನ್ನು ಓದಿದೆನೋ ಅವಳೇ ಅದನ್ನು ಸುಳ್ಳು ಮಾಡಿದ್ದಳು. ಕಪ್ಪಾದ ಒರೆಸುವ ಬಟ್ಟೆಯ ಅರ್ಥ ನನಗೆ ಹೊಳೆದದ್ದು ಆಗ. ಅಜ್ಜಿಯ ಪಾತ್ರೆಯ ಮಸಿ ಗ್ಯಾಸಿಗೆ ಅಂಟಿರುವುದನ್ನು ಅಪ್ಪ ನೋಡಬಾರದೆಂದು ಅಮ್ಮ ದಿನವೂ ಒರೆಸುತ್ತಿದ್ದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಊಟವಾದ ಮೇಲೆ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಅವಳನ್ನು ಹಿಡಿದು ಯಾಕಮ್ಮ ಎಂದು ಕೇಳಿದೆ. ಬಟ್ಟೆ ಹಿಂಡುತ್ತಲೇ ಹೇಳಿದಳು: "ನನ್ ಕೈಲಿ ಎಲ್ಲಾ ಅದೆ. ಅವ್ರ ಕೈಲಿರೋದು ಅದೊಂದೇ ಕಣೆ."

ಸೋಮವಾರದಿಂದ ಅಜ್ಜಿ ಮತ್ತೆ ಸೌದೆ ಒಲೆಗೇ ಇಳಿದಳು. ಹೊಗೆ ಹೆಂಚಿನ ಸಂದುಗಳಿಂದೆಲ್ಲ ಏಳುತ್ತಿತ್ತು. ಸ್ಕೂಲಿನಿಂದ ಬಂದಾಗ ಅವಳ ಕಣ್ಣುಗಳು ದಾಸವಾಳದಂತೆ ಕೆಂಪಾಗಿರುತ್ತಿದ್ದವು. ಬುಧವಾರದ ಹಿಟ್ಟಿನಲ್ಲಿ ಗಂಟುಗಳಿದ್ದವು. ಅಪ್ಪ ಮಿಲ್ಲಿನವನನ್ನು ಬೈದ. ನನ್ನ ಜೊತೆ ಅಜ್ಜಿ ಆರು ದಿನ ಮಾತಾಡಲಿಲ್ಲ. ಆ ಆರು ದಿನಕ್ಕೆ ನಾನು ಗೆರೆ ಎಳೆಯಲಿಲ್ಲ, ಆದರೂ ಎಣಿಸಿದ್ದೇನೆ. ಶನಿವಾರ ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಅಮ್ಮ ರಜೆ ಹಾಕಿ ಮನೆಯಲ್ಲಿದ್ದಳು. ಒಲೆಮನೆಗೆ ಇಳಿದು, ಕೆಮ್ಮುತ್ತ ಕೂತಿದ್ದ ಅಜ್ಜಿಯ ಮುಂದಿನಿಂದ ಆ ಕಪ್ಪು ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದೆತ್ತಿ, ಮೆಟ್ಟಿಲು ಹತ್ತಿ ಬಂದು ಗ್ಯಾಸಿನ ಮೇಲಿಟ್ಟಳು.

"ಬ್ಯಾಡ ಬುಡು, ನಿನ್ ಗ್ಯಾಸು," ಅಂದಳು ಅಜ್ಜಿ ಹಿಂದೆಯೇ ಬಂದು.

"ನನ್ ಗ್ಯಾಸು ಅಂತ ಅದ್ರ ಮೇಲೆ ಬರ್ದದಾ ಅತ್ತೆ? ಇಟ್ಟಾಕಿ, ಎಸ್ರು ಮಳ್ಳತಾ ಅದೆ."

"ಅವ್ನು ನಿನ್ನ ಬಯ್ತಾನೆ."

"ಬಯ್ಕಳ್ಳಿ. ಗ್ಯಾಸ್ ಬರಕ್ ಮುಂಚೆ ಸೌದೆ ಜಾಸ್ತಿ ಉರಿಸ್ತೀಯ ಅಂತ ಬಯ್ತಿದ್ರು. ಒಸಾದೇನ್ ಬಂತು?"

ಅಜ್ಜಿಗೆ ನಗು ಬಂದುಬಿಟ್ಟಿತು. ಅದನ್ನು ಕೆಮ್ಮಿನಲ್ಲಿ ಅಡಗಿಸಲು ನೋಡಿದಳು, ಆಗಲಿಲ್ಲ. ಅಮ್ಮ ನನ್ನ ಕಡೆ ತಿರುಗಿ, "ನೀನೇನ್ ನೋಡ್ತಾ ನಿಂತೆ? ಜಗ್ಲಿ ಮೇಲೆ ಕೂತ್ಕೊ. ಸ್ಕೂಟರ್ ಸದ್ದು ಕೇಳುದ್ರೆ ಕೂಗು" ಅಂದಳು. ಅಂದಿನಿಂದ ಶನಿವಾರ ಭಾನುವಾರಗಳ ಕಾವಲು ನನ್ನ ಪಾಲಿಗೆ ಬಂತು. ಅಜ್ಜಿ ಪಾತ್ರೆಯ ತಳ ಹತ್ತಿದ ಚಕ್ಕೆಯನ್ನು ಕೆರೆದು, ಅದರ ಮೇಲೆ ತುಪ್ಪ ಸವರಿ, ಜಗುಲಿಗೇ ತಂದು ಕೈಗಿಡುತ್ತಿದ್ದಳು. ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ ಹೋಗೋಣವೆಂದರೆ ಮಾತ್ರ ಒಪ್ಪಲಿಲ್ಲ. ಸಿಲಿಂಡರು ಇಪ್ಪತ್ತಾರು, ಇಪ್ಪತ್ತೈದು, ಇಪ್ಪತ್ತೇಳು ದಿನ ಬರುತ್ತಿತ್ತು. ಅಪ್ಪ ಡಬ್ಬ ಹಿಡಿದು ಸಾಲಿನಲ್ಲಿ ನಿಂತು ಬಂದು ಬೈಯುತ್ತಿದ್ದ, ಬೈದಾದ ಮೇಲೆ ಊಟಕ್ಕೆ ಕೂತು ಸೌದೆ ಒಲೆಯನ್ನು ಹೊಗಳುತ್ತಿದ್ದ. ಆಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದಂತೆ ಎಚ್ಚರ ವಹಿಸುತ್ತಿದ್ದೆವು. ಒಂದು ಮನೆಯಲ್ಲಿ ಮೂವರು ಹೆಂಗಸರು ಕೂಡಿ ಇಟ್ಟುಕೊಂಡ ಸುಳ್ಳಿಗಿಂತ ಬೆಚ್ಚಗಿನದನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದಿರಬೇಕು.

ಎರಡು ವರ್ಷದ ನಂತರ ಒಂದು ಮಾಘದ ಚಳಿಯಲ್ಲಿ ಅಜ್ಜಿ ಹೋದಳು. ಮೂರೇ ದಿನದ ಜ್ವರ. ಕಾರ್ಯಗಳೆಲ್ಲ ಮುಗಿದು ನೆಂಟರು ಊರು ಸೇರಿದ ಮೇಲೆ ಹೊಸ ಸಿಲಿಂಡರು ಕೂಡಿಸಿದೆವು. ಅದು ಇಪ್ಪತ್ತಾರು ದಾಟಿತು, ಮೂವತ್ತು ದಾಟಿತು, ಮೂವತ್ತೊಂಬತ್ತು ದಿನ ಉರಿಯಿತು. ಅಪ್ಪ ಡೈರಿಯ ಗೆರೆಗಳನ್ನು ಬೆರಳಿಟ್ಟು ಎಣಿಸಿ, ಬಹಳ ದಿನಗಳ ಮೇಲೆ ಮೊದಲ ಸಲ ಮೆಚ್ಚಿಕೆಯಿಂದ ಅಮ್ಮನನ್ನು ನೋಡಿದ. "ಈಗ ಕಲ್ತೆ ಬುಡಮ್ಮಿ, ಗ್ಯಾಸ್ನ ಇಡ್ತವಾಗಿ ಉರ್ಸೋದ." ಅಮ್ಮ "ಊಂ" ಅಂದಳು. ಗ್ಯಾಸಿನ ಮೇಲಿನ ಪಾತ್ರೆಯಿಂದ ಹಿಟ್ಟನ್ನು ಮಣೆಗೆ ಬಗ್ಗಿಸಿ, ಕೈಗೆ ನೀರು ಸವರಿಕೊಂಡು ಉಂಡೆ ಕಟ್ಟಿ ಅವನ ತಟ್ಟೆಗಿಟ್ಟಳು. ಅವನು ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ.

"ಅವ್ವನ್ ಇಟ್ಟಿನಂಗಿಲ್ಲ," ಅಂದ. ಬೈದದ್ದಲ್ಲ. ದನಿ ಒಡೆದಿತ್ತು.

ನನ್ನ ಕೈಯಲ್ಲಿ ಡೈರಿಯಿತ್ತು. ಈ ಸಲ ನಾನು ಅದನ್ನು ಮುಚ್ಚಿದೆ.

"ಅದು ಸೌದೆ ಒಲೇದು ಕಣ್ರೀ," ಅಂದಳು ಅಮ್ಮ. "ಇದ್ರಲ್ಲಿ ಎಲ್ ಬಂದಾತು?" ಇನ್ನೊಂದು ಮುದ್ದೆಯನ್ನು ಎರಡಾಗಿ ಮುರಿದು, ಅರ್ಧವನ್ನು ಅಪ್ಪನ ತಟ್ಟೆಗೆ ಹಾಕಿದಳು. ಉಳಿದರ್ಧ ಸುಡುತ್ತಿದ್ದರೂ, ತುಸು ಹೊತ್ತು ಅದನ್ನು ಅಂಗೈಯಲ್ಲೇ ಹಿಡಿದುಕೊಂಡು ನಿಂತಿದ್ದಳು.